ಅಪ್ಪನ ಸಾಲ ತೀರಿಸ್ತೀವಿ, ನಿನ್ ಹುಡುಗನ ಪಾಸಿನ ಫೋಟೋ ಕಳ್ಸು ಅಂತಿದಾರೆ

ಹೆಸರು ಬೇಡ, ಚಳ್ಳಕೆರೆ:
ಅಪ್ಪ ಶೇಂಗಾ ಹಾಕ್ತಾರೆ, 2023ರ ಬರದಲ್ಲಿ ಬೀಜದ ದುಡ್ಡೂ ಹುಟ್ಲಿಲ್ಲ, ಎರಡು ಬೋರು ಕೊರೆಸಿದ್ರು ಎರಡ್ರಲ್ಲೂ ಬರೀ ಧೂಳು, ನೂರಕ್ಕೆ ಮೂರರ ಬಡ್ಡಿಗೆ ತಂದ 4 ಲಕ್ಷ ಅಸಲು ಹಂಗೇ ಐತೆ, ಬಡ್ಡಿಗೇ ಅಮ್ಮನ ಸರ ನನ್ ಓಲೆ ಎಲ್ಲ ಹೋಯ್ತು. ನಾನೊಬ್ಳೇ ಮಗಳು.

ನಾನು ಮದ್ವೆ ಆಗ್ಬೇಕು ಅಂತಿರೋ ಹುಡುಗ ಕುದಾಪುರದ ಕಡೆ ಡಿಆರ್‌ಡಿಓ (ಸೈನ್ಯಕ್ಕೆ ಬೇಕಾದ್ದು ತಯಾರಿಸಿ ಪರೀಕ್ಷೆ ಮಾಡೋ ಸರ್ಕಾರಿ ಸಂಸ್ಥೆ) ಜಾಗದಲ್ಲಿ ಕಂಟ್ರಾಕ್ಟ್ ಮೇಲೆ ವೈರಿಂಗ್ ಕೆಲ್ಸ ಮಾಡ್ತಾನೆ. ಇನ್‌ಸ್ಟಾದಲ್ಲಿ ಪರಿಚಯ ಆದ ಒಬ್ಳಿಗೆ ಅಕ್ಕ ಅಕ್ಕ ಅಂತ ಮನೆ ಕಷ್ಟ ಎಲ್ಲ ಹೇಳ್ಕೊಂಡಿದ್ದೆ, ಕೇಳ್ದೇನೇ 5000 ಹಾಕಿದ್ಳು. ಈಗ ಅವನ ಗೇಟ್ ಪಾಸಿನ ಫೋಟೋ ಬೇಕಂತೆ, ಯಾವತ್ತು ಏನ್ ಹಾರಿಸ್ತಾರೆ ಕೇಳಿ ಹೇಳ್ಬೇಕಂತೆ, ಪೂರ್ತಿ ಸಾಲ ತೀರಿಸ್ತಾರಂತೆ. ನಾಯಕನಹಟ್ಟಿ ಜಾತ್ರೇಲಿ ಅವನ ಪರ್ಸು ನನ್ ಬ್ಯಾಗಲ್ಲೇ ಇತ್ತು. ಪಾಸು ತೆಗ್ದೆ, ಕ್ಯಾಮೆರಾನೂ ಆನ್ ಮಾಡ್ದೆ. ಕೈ ಬರ್ಲಿಲ್ಲ. ಆದ್ರೆ ಮನೆಗ್ ಬಂದು ಅಪ್ಪನ ಮುಖ ನೋಡಿದ್ರೆ ತಪ್ ಮಾಡ್ದೆನೇನೋ ಅನ್ಸುತ್ತೆ.

ವದ್ದಿಕೆರೆ ಪಕ್ಕದೂರು:
ಕಳ್ಸಿಲ್ವಲ್ಲ, ಅಷ್ಟು ಸಾಕು ತಂಗಿ. 2023 ಆಗಸ್ಟಲ್ಲಿ ಡಿಆರ್‌ಡಿಓದವ್ರ ತಪಸ್ ಡ್ರೋನ್ ನಮ್ ಕಡೆ ಹೊಲದಲ್ಲಿ ಬಿದ್ದಾಗ ಊರೆಲ್ಲ ಓಡೋಗಿ ನೋಡಿದ್ವಿ, ಆಕಾಶದಲ್ಲಿ ಹಾರೋದು ಕುರಿ ಕಾಯೋರಿಗೂ ಕಾಣುತ್ತೆ, ಇವ್ರಿಗೆ ಬೇಕಾಗಿರೋದು ಅದಲ್ಲ. ಒಂದ್ ಪಾಸು ಕಳ್ಸಿದ್ರೆ ನಾಳೆ ಅದನ್ನೇ ಹಿಡ್ಕೊಂಡು ಇನ್ನೊಂದು ಕೇಳ್ತಾರೆ, ಸಾಲ ಕೊಟ್ಟೋನಿಗಾದ್ರೂ ಅಸಲು ಅಂತ ಒಂದೈತೆ, ಇವ್ರಿಗೆ ಅದೂ ಇಲ್ಲ.

ದಾವಣಗೆರೆ ಕೋರ್ಟ್ ಕಡೆಯವ್ಳು:
ಚಾಟ್ ಡಿಲೀಟ್ ಮಾಡ್ಬೇಡಮ್ಮ, ಅವಳನ್ನ ಬ್ಲಾಕೂ ಮಾಡ್ಬೇಡ, ದುಡ್ಡು ನೀನಾಗೇ ವಾಪಸ್ ಹಾಕೋಕೂ ಹೋಗ್ಬೇಡ. ಎಲ್ಲದ್ರ ಸ್ಕ್ರೀನ್‌ಶಾಟ್ ತಗೊಂಡು ಚಿತ್ರದುರ್ಗದ ಎಸ್ಪಿ ಆಫೀಸಿಗೆ ಹೋಗು, ಬೇಗ ಹೋಗು. ದೇಶದ ಗುಟ್ಟು ಹೊರಗ್ ಕೊಡೋರ ಮೇಲೆ ಹಾಕೋ 1923ರ ಅಫಿಷಿಯಲ್ ಸೀಕ್ರೆಟ್ಸ್ ಆಕ್ಟಲ್ಲಿ ರಕ್ಷಣೆ ವಿಷ್ಯ ಅಂದ್ರೆ 14 ವರ್ಷದವರೆಗೂ ಜೈಲು ಐತೆ, ಆ ಹುಡುಗನ್ನೂ ಎಳ್ಕೊಂಡ್ ಹೋಗುತ್ತೆ.

ಸಾಲದ್ದು ಬೇರೆ ದಾರಿ. ನೀನು ಜಾಮೀನಿಗೆ ಸೈನ್ ಹಾಕಿಲ್ಲ ಅಂದ್ರೆ ಅಪ್ಪ ಮಾಡಿದ ಸಾಲಕ್ಕೆ ನಿನ್ನ ಹಿಡಿಯೋಕಾಗಲ್ಲ. ತಿಂಗಳಿಗೆ ನೂರಕ್ಕೆ ಮೂರು ಅಂದ್ರೆ ವರ್ಷಕ್ಕೆ 36, ಅಡವಿಲ್ಲದ ಸಾಲಕ್ಕೆ ನಮ್ ರಾಜ್ಯದಲ್ಲಿ 16ಕ್ಕಿಂತ ಜಾಸ್ತಿ ತಗೊಳಂಗಿಲ್ಲ. ಮನೆ ಹತ್ರ ಬಂದು ಗಲಾಟೆ ಮಾಡಿದ್ರೆ ಅದಕ್ಕೂ 2025ರಲ್ಲಿ ಕಾನೂನು ಬಂದೈತೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಮಕ್ಳಿಗೆ ಆದಾಯ ಎಷ್ಟೇ ಇರ್ಲಿ ವಕೀಲರು ಫ್ರೀ, 15100ಕ್ಕೆ ಫೋನ್ ಮಾಡು. ಪ್ರೋನೋಟು, ಖಾಲಿ ಚೆಕ್ಕು ಕೊಟ್ಟಿದ್ರೆ ಮೊದ್ಲೇ ಹೇಳ್ಬಿಡು, ನಮ್ ಕಡೆ ಎಷ್ಟೋ ಜನ ಅದನ್ನ ಮುಚ್ಚಿಟ್ಟೇ ಕೆಡ್ತಾರೆ.

ಹೊಸದುರ್ಗದ ಅಮ್ಮ:
ನಾನೂ ಸಾಲದ ಮನೇಲಿ ಬೆಳೆದೋಳು ಕಣವ್ವ. ಆ ಹುಡುಗನಿಗೆ ಹೇಳು, ಪರ್ಸು ತೆಗ್ದಿದ್ದೂ ಸೇರ್ಸಿ. ಪೊಲೀಸ್ರಿಂದ ಅವನಿಗೆ ಗೊತ್ತಾಗ್ಬಾರ್ದು, ನಿನ್ ಬಾಯಿಂದ್ಲೇ ಗೊತ್ತಾಗ್ಲಿ. ಸಿಟ್ಟಾಗ್ತಾನೆ, ಆಗ್ಲಿ ಬಿಡು.

ಹೆಸರು ಬೇಡ, ಚಳ್ಳಕೆರೆ:
ಖಾಲಿ ಚೆಕ್ ಕೊಟ್ಟಿದಾರೆ ಅಕ್ಕ, ಈಗ್ಲೇ ಅಪ್ಪನ್ನ ಕೇಳ್ದೆ, ಎರಡು. ಅವನಿಗೂ ಫೋನ್ ಮಾಡಿ ಪಾಸಿನ ವಿಷ್ಯ ಹೇಳ್ದೆ, ತುಂಬ ಹೊತ್ತು ಮಾತಾಡ್ಲಿಲ್ಲ, ಆಮೇಲೆ ನಾಳೆ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಬರ್ತೀನಿ, ದುರ್ಗಕ್ಕೆ ಒಟ್ಟಿಗೆ ಹೋಗಣ ಅಂದ. ಅಪ್ಪನೂ ಬರ್ತಾರೆ.