ಶಿವರಾತ್ರಿಗೋ, ಹೋಳಿ ಆದ ಮೇಲೋ?

ಗುಂಪು: ಸಿಬಿಝಡ್ 1999 ಬ್ಯಾಚ್

ರಾಘು, ರಾತ್ರಿ 8:12
ಎಲ್ಲರೂ ಕೇಳ್ರಪ್ಪಾ. ಜೈಸಲ್ಮೇರ್ ಪ್ಲಾನ್ ಪಿಡಿಎಫ್ ಹಾಕಿದ್ದೇನೆ. ಶಿವರಾತ್ರಿ ರಜೆಗೆ ಎರಡು ದಿನ ಸೇರಿಸಿದರೆ ಆಯ್ತು. ಸಾಂಡಾ ಅನ್ನುವ ಮುಳ್ಳುಬಾಲದ ಓತಿ, ಗರಗಸ ಮಂಡಲದ ಹಾವು, ಮರಳಿನ ಓತಿ, ಎಲ್ಲಾ ತೋರಿಸುತ್ತಾರಂತೆ. ನಾಳೆ ಸಂಜೆಯೊಳಗೆ ಅಡ್ವಾನ್ಸ್ ಹಾಕಿದವರಿಗೆ ರಿಯಾಯಿತಿ.

ಮಂಜು, 8:14
ನಾನು ರೆಡಿ. ಬರುವಾಗ ಸಾಂಡಾ ಎಣ್ಣೆ ಎರಡು ಬಾಟಲಿ ತರೋಣ. ಒಂದು ರಾಘುಗೆ, ಒಂದು ನಾಗರಾಜನಿಗೆ.

ನಾಗರಾಜ, 8:17
ನನ್ನ ಮೆಡಿಕಲ್ ಶಾಪಿಗೇ ಬಂದು ಮೆಲ್ಲಗೆ ಕೇಳುವವರಿದ್ದಾರೆ ಮಾರಾಯಾ. ಇಟ್ಟಿಲ್ಲ, ಇಡುವುದೂ ಇಲ್ಲ. ಅದು ಬರೀ ಆ ಓತಿಯ ಕೊಬ್ಬು. ಯಾವ ಶಕ್ತಿಯೂ ಬರುವುದಿಲ್ಲ.

ಶೈಲಜಾ, 8:26
ಪಿಡಿಎಫ್ ಪೂರ್ತಿ ಓದಿದಿರಾ? ಮೂರನೇ ಪುಟ ನೋಡಿ. ರಾತ್ರಿ ಜೀಪಿನಲ್ಲಿ ಮರಳ ದಿಬ್ಬ ಹತ್ತಿ ಹಾವು ಹುಡುಕುವುದಂತೆ. ಬಿಲದಿಂದ ಸಾಂಡಾ ತೆಗೆದು ಕೈಗೆ ಕೊಡುತ್ತಾರಂತೆ, ಫೋಟೋಗೆ. ಏನೂ ಕಾಣದಿದ್ದರೆ ದುಡ್ಡು ವಾಪಸ್ ಅಂತೆ. ಈ ಮೂರರಲ್ಲಿ ಒಂದೂ ಸರಿಯಿಲ್ಲ.

ರಾಘು, 8:28
ಶುರುವಾಯ್ತು ಟೀಚರಮ್ಮನ ಪಾಠ. ದುಡ್ಡು ವಾಪಸ್ ಕೊಟ್ಟರೂ ತಪ್ಪಾ?

ಶೈಲಜಾ, 8:31
ಹೌದು ಕಣೋ, ಅದೇ ದೊಡ್ಡ ತಪ್ಪು. ಕಾಣದಿದ್ದರೆ ಅವರಿಗೆ ನಷ್ಟ ಅಂದರೆ ಹೇಗಾದರೂ ತೋರಿಸಲೇಬೇಕು. ಹಾರೆ ಹಿಡಿದು ಬಿಲ ಅಗೆಯುತ್ತಾರೆ. ಇಲ್ಲವೇ ಮುಂಚೆಯೇ ಹಿಡಿದು ಚೀಲದಲ್ಲಿ ಇಟ್ಟಿರುತ್ತಾರೆ. ಹಾಗೆ ನೋಡುವುದಾದರೆ ಜೈಸಲ್ಮೇರಿಗೆ ಯಾಕೆ ಹೋಗಬೇಕು? 1972ರ ವನ್ಯಜೀವಿ ಕಾಯ್ದೆ ಇರುವುದೇ ಇಂಥದ್ದಕ್ಕೆ. ಹಿಡಿದವರ ಜೊತೆ ಫೋಟೋಗೆ ನಿಂತವರೂ ಸಿಕ್ಕಿಬೀಳುತ್ತಾರೆ. ಸಾಕ್ಷಿಗೆ ನಮ್ಮದೇ ಸೆಲ್ಫಿ.

ಅನ್ವರ್, 8:41
ಜೋಧಪುರದಿಂದ ನಾನು ಒಂದು ಮಾತು ಹೇಳಲಾ? ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅನ್ನುವುದು ನಮ್ಮೂರ ಮಾತು. ಇಲ್ಲಿನ ಚಳಿಗೆ ಕನ್ನಡ ಬರುವುದಿಲ್ಲ. ಫೆಬ್ರವರಿ ಮಧ್ಯದಲ್ಲಿ ರಾತ್ರಿ ಹತ್ತು ಹನ್ನೊಂದು ಡಿಗ್ರಿಗೆ ಇಳಿಯುತ್ತದೆ. ನೀವು ಸ್ವೆಟರ್ ಹಾಕಿಕೊಂಡು ಹಾವು ಹುಡುಕಬಹುದು. ಹಾವಿಗೆ ಸ್ವೆಟರ್ ಇಲ್ಲವಲ್ಲ, ಅದು ಬಿಲ ಬಿಟ್ಟು ಬರುವುದಿಲ್ಲ.

ಮಂಜು, 8:42
ಹಾವಿಗೂ ಒಂದು ಸ್ವೆಟರ್ ಒಯ್ಯೋಣ. ತೋಳು ಹೊಲಿಯುವ ಖರ್ಚಿಲ್ಲ.

ರಾಘು, 8:47
ತಮಾಷೆ ಸಾಕು. ನನ್ನ ಕಷ್ಟ ಯಾರಿಗಾದರೂ ಗೊತ್ತಾ? ಇಪ್ಪತ್ತೈದು ವರ್ಷದಿಂದ ಈ ಗುಂಪಿನ ಎಲ್ಲಾ ಪ್ಲಾನ್ ಹೀಗೇ ಕೆಟ್ಟಿದೆ. ದಾಂಡೇಲಿ ಕೆಟ್ಟಿತು. ಆಗುಂಬೆ ಕೆಟ್ಟಿತು. ಕಾಳಿಂಗ ನೋಡುತ್ತೇವೆ ಅಂತ ರೂಮು ಬುಕ್ ಮಾಡಿ ಕೊನೆಗೆ ನಾನೊಬ್ಬನೇ ಹೋಗಿ ಮಳೆ ನೋಡಿ ಬಂದೆ. ಈ ಸಲ ಒಬ್ಬರು ಎಲ್ಲಾ ಜೋಡಿಸಿ ಕೊಡುತ್ತೇನೆ ಅಂದಿದ್ದಾರೆ. ಸುಮ್ನೆ ಹೂಂ ಅನ್ನಿ, ಹೋಗಿ ಬರೋಣ. ಓತಿಕ್ಯಾತ ನೋಡೋಕೆ ಪಂಚಾಂಗ ಬೇಕಾ?

ಅನ್ವರ್, 9:04
ಬೇಕು ರಾಘು. ಓತಿಗೇ ಬೇಕು ಪಂಚಾಂಗ. ನಾನು ಕಂಡದ್ದನ್ನು ಹೇಳುತ್ತೇನೆ, ಆಮೇಲೆ ನೀನೇ ತೀರ್ಮಾನ ಮಾಡು.

ಹೋದ ವರ್ಷ ಬಿಕಾನೇರ್ ಹತ್ತಿರ ಜೋರ್‌ಬೀಡ್‌ಗೆ ಎರಡು ಸಲ ಹೋದೆ. ಸತ್ತ ದನ, ಒಂಟೆ ತಂದು ಹಾಕುವ ಜಾಗ ಅದು. ಚಳಿಗಾಲದಲ್ಲಿ ರಣಹದ್ದು ತುಂಬಿರುತ್ತವೆ. ಜನವರಿಯಲ್ಲಿ ಹೋದಾಗ ನೆಲದ ತುಂಬ ಬಿಲ ಕಂಡವು, ಒಂದು ಸಾಂಡಾ ಕಾಣಲಿಲ್ಲ. ಚಳಿಗಾಲ ಹೆಚ್ಚುಕಡಿಮೆ ಪೂರ್ತಿ ಅವು ಒಳಗೇ ಮಲಗಿರುತ್ತವೆ. ಮಾರ್ಚ್ ಎರಡನೇ ವಾರ ಮತ್ತೆ ಹೋದೆ. ಬೆಳಿಗ್ಗೆ ಏಳಕ್ಕೇ ಹೋಗಿ ಕಾರಿನೊಳಗೆ ಕೂತೆ. ಆಗಲೂ ಬರೀ ನೆಲ. ಬಿಲದ ಬಾಯಿಗೆ ಮಣ್ಣು ಮೆತ್ತಿಕೊಂಡಿತ್ತು. ಅದು ಸಾಯಂಕಾಲ ಒಳಗೆ ಹೋಗಿ ಮಣ್ಣು ತಳ್ಳಿ ಬಾಗಿಲು ಹಾಕಿಕೊಳ್ಳುತ್ತದೆ. ಬಿಲಕ್ಕೊಂದೇ ಸಾಂಡಾ. ಬಾಡಿಗೆದಾರ ಇಲ್ಲ.

ಒಂಬತ್ತೂವರೆ ದಾಟಿತ್ತು. ಹತ್ತಿರದ ಒಂದು ಮುಚ್ಚಳ ಸ್ವಲ್ಪ ಬಿರುಕು ಬಿಟ್ಟಿತು. ಒಣ ಮಣ್ಣು ಉದುರಿತು. ಒಂದು ಮೊಂಡು ಮೂಗು ಆಚೆ ಬಂತು, ಅಷ್ಟೇ. ಹತ್ತು ನಿಮಿಷ ಬರೀ ಮೂಗು. ಆಮೇಲೆ ತಲೆ. ಆಮೇಲೆ ಅರ್ಧ ಮೈ. ಬಿಸಿಲಿಗೆ ಅಂಬಲಿ ಹರಡಿದ ಹಾಗೆ ನೆಲಕ್ಕೆ ಚಪ್ಪಟೆಯಾಗಿ ಬಿತ್ತು. ಮೊದಲು ಮೈ ಕಪ್ಪು ಕಪ್ಪಾಗಿತ್ತು. ಕಾಯುತ್ತಾ ಕಾಯುತ್ತಾ ಮಣ್ಣಿನ ಬಣ್ಣಕ್ಕೆ ತಿಳಿಯಾಯಿತು. ಕಣ್ಣೆದುರೇ. ಬಾಲದ ಸುತ್ತ ಸಾಲು ಸಾಲು ಮುಳ್ಳು. ಹೊರಗೆ ಬಂದ ಮೇಲೆ ನಮ್ಮ ಎಮ್ಮೆ ಹಾಗೆ ನಿಧಾನಕ್ಕೆ ಹುಲ್ಲು ಮೇಯಿತು. ನಾನು ಕಾರಿನ ಬಾಗಿಲು ತೆಗೆದೆ ನೋಡು, ಎಲ್ಲಾ ಒಂದೇ ಏಟಿಗೆ ಒಳಗೆ. ಮತ್ತೆ ಮುಕ್ಕಾಲು ಗಂಟೆ ಕೂತೆ.

ನಿನ್ನ ಪಿಡಿಎಫ್‌ನಲ್ಲಿ ಬೆಳಿಗ್ಗೆ ಹತ್ತಕ್ಕೆ ತಿಂಡಿ, ಹನ್ನೊಂದಕ್ಕೆ ಕೋಟೆ ಅಂತ ಇದೆ. ಅದು ಹೊರಗೆ ಬರುವ ಹೊತ್ತಿಗೆ ನೀವು ಪೂರಿ ತಿನ್ನುತ್ತಾ ಇರುತ್ತೀರಿ.

ನಾಗರಾಜ, 9:09
ಪೂರಿ ಬಿಡಲು ನಾನು ತಯಾರಿಲ್ಲ. ಆದರೆ ಹಾವಿನ ವಿಷಯದಲ್ಲಿ ಒಂದು ಮಾತು. ಇಲ್ಲಿ ಸಿಗುವ ಆಂಟಿವೆನಮ್, ಅಂದರೆ ಹಾವಿನ ವಿಷ ಇಳಿಸುವ ಔಷಧ, ನಾಲ್ಕು ಹಾವಿಗೆ. ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ. ಅದನ್ನು ತಯಾರಿಸಲು ಬೇಕಾದ ವಿಷ ಬಹುಪಾಲು ಚೆನ್ನೈ ಹತ್ತಿರದ, ಹಾವು ಹಿಡಿಯುವ ಇರುಳರ ಸಹಕಾರ ಸಂಘದಿಂದ ಬರುತ್ತದೆ. ಅಂದರೆ ದಕ್ಷಿಣದ ಹಾವುಗಳ ವಿಷ. ರಾಜಸ್ಥಾನದ ಗರಗಸ ಮಂಡಲ ನಮ್ಮದಕ್ಕಿಂತ ದೊಡ್ಡದು, ಉಪಜಾತಿಯೇ ಬೇರೆ. 2019ರಲ್ಲಿ ನಮ್ಮ ಬೆಂಗಳೂರಿನ ಐಐಎಸ್‌ಸಿಯವರು ಪರೀಕ್ಷೆ ಮಾಡಿ ನೋಡಿದರು. ಅಲ್ಲಿನ ಗರಗಸ ಮಂಡಲಕ್ಕೂ ಸಿಂಧಿ ಕಟ್ಟುಹಾವಿಗೂ ಈ ಔಷಧ ಸರಿಯಾಗಿ ಕೆಲಸ ಮಾಡುವುದಿಲ್ಲ ಅಂತ ಗೊತ್ತಾಯಿತು. ಕೈಯಲ್ಲಿ ಕೊಕ್ಕೆ ಹಿಡಿದು ರಾತ್ರಿ ಓಡಾಡುವ ಮುಂಚೆ ಇದು ತಲೆಯಲ್ಲಿರಲಿ.

ಮಂಜು, 9:13
ಮಲಗಿದವರ ಉಸಿರು ಕುಡಿಯುವ ಹಾವು ಅಂತ ಒಂದು ವಿಡಿಯೋ ಬಂದಿತ್ತು. ಪೀವಣಾ ಅಂತೆ. ಅದೂ ಅಲ್ಲೇನಾ?

ಅನ್ವರ್, 9:18
ಅಲ್ಲಿಯದೇ. ನಾಗರಾಜ ಹೇಳಿದ ಸಿಂಧಿ ಕಟ್ಟುಹಾವಿಗೆ ಹಳ್ಳಿಯವರು ಇಟ್ಟ ಹೆಸರು. ಉಸಿರೇನೂ ಕುಡಿಯುವುದಿಲ್ಲ. ರಾತ್ರಿ ಬರುತ್ತದೆ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು ಅಷ್ಟಿಲ್ಲ, ಊತ ಇಲ್ಲ, ಗಾಯವೂ ಕಾಣುವುದಿಲ್ಲ. ಬೆಳಗಾಗುವ ಹೊತ್ತಿಗೆ ಉಸಿರಾಟ ನಿಂತಿರುತ್ತದೆ. ನೋಡಿದವರಿಗೆ ಯಾರೋ ಉಸಿರು ಹೀರಿದ ಹಾಗೆ. ಹೆಸರಿಟ್ಟವರು ದಡ್ಡರಲ್ಲ. ಸರಿಯಾಗಿಯೇ ನೋಡಿದ್ದಾರೆ.

ಶೈಲಜಾ, 9:21
ಟೆಂಟ್ ಬೇಡ. ಮಂಚ ಇರುವ ಕಡೆ ಉಳಿಯಿರಿ.

ರಾಘು, 9:24
ಸರಿ, ರಾತ್ರಿ ಜೀಪು ಬೇಡ. ಆದರೆ ಅವರು ಹಿಡಿದು ತೋರಿಸಿ ಮತ್ತೆ ಬಿಟ್ಟರೆ ಏನಾಯ್ತು? ಎರಡು ನಿಮಿಷ. ಅವರಿಗೂ ಹೊಟ್ಟೆಪಾಡು ಇದೆ ಅಲ್ವಾ? ಇಲ್ಲಿ ಕೂತು ಎಲ್ಲದಕ್ಕೂ ತಪ್ಪು ಅನ್ನುವುದು ಸುಲಭ.

ವೀಣಾ, 9:38
ನಾನು ಈ ಗುಂಪಿನಲ್ಲಿ ಮಾತಾಡುವುದು ಕಡಿಮೆ. ಒಂದು ಹೇಳುತ್ತೇನೆ. ನಮ್ಮವರಿಗೆ ಉತ್ತರದ ಕಡೆ ವರ್ಗವಾಗಿದ್ದಾಗ ಬಸ್ ನಿಲ್ದಾಣದ ಹತ್ತಿರ ಒಬ್ಬ ಸ್ಟೌ ಹಚ್ಚಿಕೊಂಡು ಎಣ್ಣೆ ಮಾರುತ್ತಿದ್ದ. ಅವನ ಮುಂದೆ ಗೋಣಿಯ ಮೇಲೆ ಐದಾರು ಸಾಂಡಾ. ಕಟ್ಟಿರಲಿಲ್ಲ, ಬುಟ್ಟಿ ಮುಚ್ಚಿರಲಿಲ್ಲ. ಆದರೂ ಒಂದೂ ಓಡುತ್ತಿರಲಿಲ್ಲ. ಎಷ್ಟು ಸಾಧು ಅಂದುಕೊಂಡೆ. ಬಾಗಿ ನೋಡಿದರೆ ಮುಂಗಾಲು ಆಡಿಸುತ್ತಿವೆ, ಹಿಂಗಾಲು ಸುಮ್ಮನೆ ಬಿದ್ದಿದೆ. ಹಿಡಿದ ಕೂಡಲೇ ಬೆನ್ನು ಮುರಿದುಬಿಡುತ್ತಾರಂತೆ. ಸಾಯಬಾರದು, ಓಡಲೂಬಾರದು. ಅವನಿಗೂ ಹೊಟ್ಟೆಪಾಡೇ ರಾಘು. ನನ್ನ ಮಗಳು ಆಗ ಚಿಕ್ಕವಳು, ಅದಕ್ಕೆ ನೀರು ಕೊಡೋಣ ಅಂತ ಅಳುತ್ತಿದ್ದಳು.

ಮಂಜು, 9:46
ಎಣ್ಣೆ ಅಂದದ್ದು ವಾಪಸ್ ತೆಗೆದುಕೊಂಡೆ ವೀಣಾ. ಗೊತ್ತಿರಲಿಲ್ಲ.

ರಾಘು, 9:52
ನನಗೂ ಗೊತ್ತಿರಲಿಲ್ಲ. ಕೈಗೆ ಕೊಡುವುದು ಕ್ಯಾನ್ಸಲ್. ಅಡ್ವಾನ್ಸ್ ಹಾಕಬೇಡಿ. ಆದರೆ ಜೈಸಲ್ಮೇರ್ ಬಿಡುವುದಿಲ್ಲ, ಈಗಲೇ ಹೇಳಿಬಿಟ್ಟೆ. ಯಾವಾಗ ಹೋಗೋಣ, ಎಲ್ಲಿ ಇಳಿಯೋಣ, ನೀವೇ ಹೇಳಿ.

ಅನ್ವರ್, 9:58
ಹೋಳಿಯ ವಾರ ಬೇಡ. ರೂಮೂ ಸಿಗುವುದಿಲ್ಲ, ದಾರಿಯೂ ಸಿಗುವುದಿಲ್ಲ. ಹೋಳಿ ಮುಗಿದ ಮೇಲೆ ಯುಗಾದಿಗೆ ಹದಿನೈದು ದಿನ ಇರುತ್ತದಲ್ಲ, ಅದೇ ಸರಿಯಾದ ಸಮಯ. ಮಧ್ಯಾಹ್ನ ಮೂವತ್ತು ಡಿಗ್ರಿ ದಾಟುತ್ತದೆ, ನೆಲ ಚೆನ್ನಾಗಿ ಕಾಯುತ್ತದೆ. ಯುಗಾದಿ ಆದ ಮೇಲೆ ಬಂದರೆ ನೀವೇ ಬೇಯುತ್ತೀರಿ. ಬೇವು ಬೆಲ್ಲಕ್ಕೆ ಮನೆಯಲ್ಲಿರಬಹುದು, ಮನೆಯವರ ಬೈಗುಳವೂ ತಪ್ಪುತ್ತದೆ.

ಶೈಲಜಾ, 10:09
ಸಮ್ ದಿಬ್ಬಕ್ಕೆ ಹೋಗಬೇಡಿ. ಒಂಟೆ, ಜೀಪು, ಡಿಜೆ. ಓತಿ ಇದ್ದರೂ ಓಡಿಹೋಗಿರುತ್ತದೆ. ಲೋಂಗೆವಾಲಾ ಕಡೆ ಹೋಗಿ, ಜೈಸಲ್ಮೇರಿನಿಂದ ಸುಮಾರು 120 ಕಿ.ಮೀ. ಅಲ್ಲಿ ಕಪ್ಪೆ ಮೂತಿಯ ಒಂದು ಪುಟ್ಟ ಓತಿ ಇದೆ. 1978ರಲ್ಲಿ ಪ್ರಾಣಿವಿಜ್ಞಾನಿ ಆರ್.ಸಿ. ಶರ್ಮಾ ಅದನ್ನು ಗುರುತಿಸಿ ಆ ಊರಿನ ಹೆಸರನ್ನೇ ಇಟ್ಟರು, ಲೌಂಗ್ವಾಲೆನ್ಸಿಸ್ ಅಂತ. ಅಲ್ಲಿ ಪಾಕಿಸ್ತಾನದ ಜೊತೆ 1971ರ ಯುದ್ಧ ಆಗಿ ಆಗಿನ್ನೂ ಏಳೇ ವರ್ಷ. ಅದು ಓಡುವುದಕ್ಕಿಂತ ಮುಳುಗುವುದೇ ಹೆಚ್ಚು. ಮೈಯನ್ನು ಅಕ್ಕಪಕ್ಕಕ್ಕೆ ಗಡಗಡ ನಡುಗಿಸಿ ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಮರಳೊಳಗೆ ಇಳಿದುಬಿಡುತ್ತದೆ. ಸಾಸಿವೆ ಡಬ್ಬಿ ಅಲ್ಲಾಡಿಸಿದರೆ ಚಮಚ ಒಳಗೆ ಇಳಿಯುತ್ತದಲ್ಲ, ಹಾಗೆ.

ಮಂಜು, 10:11
ಯುದ್ಧದಲ್ಲಿ ಹಿಡಿದ ಟ್ಯಾಂಕ್ ನಿಲ್ಲಿಸಿರುವ ಊರಲ್ವಾ ಅದು? ಹಾಗಾದರೆ ನನ್ನ ಹೆಂಡತಿಯೂ ಬರುತ್ತಾಳೆ. ಓತಿಗೆ ಅವಳು ಬರುವುದಿಲ್ಲ.

ಅನ್ವರ್, 10:16
ಹೊಟ್ಟೆಪಾಡು ಅಂದೆಯಲ್ಲ ರಾಘು, ಜೈಸಲ್ಮೇರ್ ಹತ್ತಿರದ ಖುರಿ ಕಡೆ ನನಗೆ ಗೊತ್ತಿರುವ ಒಬ್ಬ ಕುರುಬ ಇದ್ದಾನೆ. ಅವನಿಗೆ ಕೂಲಿ ಕೊಡೋಣ. ನಡೆದೇ ತೋರಿಸುತ್ತಾನೆ, ಏನೂ ಮುಟ್ಟುವುದಿಲ್ಲ. ಬೆಳಿಗ್ಗೆ ಗಾಳಿ ಏಳುವ ಮುಂಚೆ ದಿಬ್ಬದ ಮೇಲೆ ಅಂಕುಡೊಂಕಾದ ಗೆರೆ ತೋರಿಸಿದ. ನಾನು ಹಾವು ಅಂದೆ. ಅವನು ನಕ್ಕ. ಮರಳ ಮೀನು ಅಂತ, ಮೂರು ಮೂರು ಬೆರಳಿನ ಅರಣೆಯ ಜಾತಿ. ಮರಳಿನ ಮೇಲ್ಪದರದ ಕೆಳಗೇ ಈಜುತ್ತದೆ, ಮೇಲೆ ಬರೀ ಗೆರೆ ಕಾಣುತ್ತದೆ. ಗೆರೆ ಎಲ್ಲಿ ನಿಂತಿದೆಯೋ ಅಲ್ಲೇ ಅದು ಇರುತ್ತದೆ. ಅಗೆಯೋಣವಾ ಅಂದೆ, ನಾನೇ, ನಾಚಿಕೆ ಬಿಟ್ಟು ಹೇಳುತ್ತೇನೆ. ಅವನು ಪಕ್ಕದಲ್ಲಿ ಕೂತು ಬೀಡಿ ಹಚ್ಚಿದ. ಬೀಡಿ ಮುಗಿಯುವ ಹೊತ್ತಿಗೆ ಗೆರೆ ಒಂದು ಗೇಣು ಮುಂದೆ ಹೋಗಿತ್ತು.

ನಾಗರಾಜ, 10:20
ಇದಕ್ಕೆ ನಾನು ಪೂರಿ ಬಿಡುತ್ತೇನೆ.

ರಾಘು, 10:27
ಆಯ್ತಪ್ಪಾ. ಹೋಳಿಗೂ ಯುಗಾದಿಗೂ ಮಧ್ಯೆ. ಬೆಳಿಗ್ಗೆ ತಿಂಡಿ ಕಾರಿನಲ್ಲೇ, ಅವಲಕ್ಕಿ ಕಟ್ಟಿಕೊಂಡು ಹೋಗೋಣ. ಎರಡು ದಿನ ಬಿಕಾನೇರ್, ಎರಡು ದಿನ ಜೈಸಲ್ಮೇರ್. ಯಾರು ಯಾರು ಖಾಯಂ?

ಮಂಜು, 10:28
ಇಬ್ಬರು.

ನಾಗರಾಜ, 10:28
ನಾನು.

ವೀಣಾ, 10:30
ನಾನು, ಮಗಳು.

ರಾಘು, 10:33
ಶೈಲಜಾ? ತಡಿ. ಆಗ ನಿನಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿರುತ್ತದೆ ಅಲ್ವಾ? ರಜೆ ಕೊಡುತ್ತಾರಾ?

ಶೈಲಜಾ, 10:41
ಕೊಡುವುದಿಲ್ಲ.

ರಾಘು, 10:42
ಮತ್ತೆ ಶಿವರಾತ್ರಿ ಬೇಡ ಅಂತ ಇಷ್ಟು ಹೊತ್ತು ಜಗಳ ಆಡಿದೆಯಲ್ಲೇ?

ಶೈಲಜಾ, 10:44
ಶಿವರಾತ್ರಿಗೆ ನಾನು ಬರಬಹುದಿತ್ತು. ಸಾಂಡಾ ಬರುತ್ತಿರಲಿಲ್ಲ. ಬಿಲದ ಬಾಯಿಯ ಮಣ್ಣಿನ ಮುಚ್ಚಳದ ಫೋಟೋ ಕಳಿಸಿ, ಒಡೆಯುವ ಮುಂಚಿನದು. ಒಂಬತ್ತನೇ ಕ್ಲಾಸಿಗೆ ತೋರಿಸಬೇಕು.