ಪದಚರ್ಚೆ: ಡೇಟಾ ‘ತಿದ್ದೋದು’ ಅನ್ನಬಹುದೇನ್ರಿ, ಇಲ್ಲಾ ಬ್ಯಾರೆ ಶಬ್ದ ಐತೇನು?

ಎಲ್ಲಾರಿಗೂ ನಮಸ್ಕಾರ್ರಿ. ಧಾರವಾಡದಾಗ ನಾವೊಂದಿಷ್ಟು ಮಂದಿ ಸೇರಿ ಎಂಎ, ಎಂಎಸ್ಸಿ ಹುಡುಗೂರಿಗೆ ಅಂತ ಸರ್ವೇ ಡೇಟಾ ಹೆಂಗ ಸರಿ ಮಾಡಬೇಕು ಅನ್ನೋದರ ಮ್ಯಾಲೆ ಕನ್ನಡದಾಗ ನೋಟ್ಸ್ ಬರಿಯಾಕತ್ತೀವಿ, ಸಾಫ್ಟ್‌ವೇರ್ ಅಂದ್ರ ಮುಖ್ಯ ಆರ್ (R, ಅಂಕಿ-ಸಂಖ್ಯೆ ಲೆಕ್ಕಕ್ಕ ಬಳಸೋ ಪ್ರೋಗ್ರಾಮಿಂಗ್ ಭಾಷೆ), ಜೋಡಿಗೆ ಒಂದೀಟು ಓಪನ್‌ರಿಫೈನ್ (ಗಜಿಬಿಜಿ ಡೇಟಾ ಸರಿ ಮಾಡೋ ಸಾಫ್ಟ್‌ವೇರ್). ಒಟ್ಟು ಕೆಲಸದ ಹೆಸರಿಗೆ ತ್ರಾಸ ಆಗಲಿಲ್ಲ. ಜ್ವಾಳ ಗಿರಣಿಗೆ ಒಯ್ಯೂಕಿಂತ ಮೊದಲ ಮರದಾಗ (ಮೊರ) ಕೇರಿ ಕಲ್ಲು ಕಡ್ಡಿ ಆರಿಸಿ ಹಸನ ಮಾಡ್ತಾರಲ್ರಿ, ಅದ ಶಬ್ದ ತೊಗೊಂಡ್ವಿ. ‘ದತ್ತಾಂಶ ಶುದ್ಧೀಕರಣ’ ಅಂದ್ರ ಕುಡಿಯೋ ನೀರಿನ ಘಟಕ ನೆನಪಾಗತೈತಿ. ಹಂಗಾಗಿ ಮೊದಲ ಇರೋದು ಕಚ್ಚಾ ಡೇಟಾ, ಆಮ್ಯಾಲೆ ಹಸನಾದ ಡೇಟಾ, ಇದರಾಗ ತಕರಾರಿಲ್ಲ.

ತಕರಾರು ಬಂದಿದ್ದು ‘ತಿದ್ದು’ ಅನ್ನೋದಕ್ಕ. ನಮ್ಮ ಕಡೆ ಸಣ್ಣ ಹುಡುಗ ಪಾಟಿ ಮ್ಯಾಲೆ ಅಕ್ಷರ ತಿದ್ದತಾನ, ಮಾಸ್ತರು ಪೇಪರ್ ತಿದ್ದತಾರ, ಇನ್ನ ‘ಅಂವಾ ಮಾರ್ಕ್ಸ್ ಕಾರ್ಡ್ ತಿದ್ದ್ಯಾನ’ ಅಂದ್ರ ಅದು ಸೀದಾ ಪೊಲೀಸ್ ಕೇಸು. ಶಬ್ದ ಒಂದ, ಒಂದು ಕಡೆ ಕಲಿಯೋದು, ಒಂದು ಕಡೆ ಸರಿ ಮಾಡೋದು, ಇನ್ನೊಂದು ಕಡೆ ಖೊಟ್ಟಿ ಕೆಲಸ. ನೋಟ್ಸ್‌ನಾಗ ‘ವಯಸ್ಸಿನ ಕಾಲಮ್ ತಿದ್ದಿದೆ’ ಅಂತ ಬರದ್ರ ಓದೋರು ಏನ ತಿಳೀಬೇಕು? ತಿದ್ದುಪಡಿ ಅಂದ್ರ ಕಾಯ್ದೆ ಕಾನೂನು ಆಗತೈತಿ, ಬದಲಾವಣೆ ಅಂದ್ರ ಭಾಳ ಸಪ್ಪಗ.

ಇನ್ನ ಎಲ್ಲಾ ಬದಲಾವಣಿನೂ ಒಂದ ಥರದ್ದಲ್ಲ, ಗಂಟು ಇರೋದ ಅಲ್ಲೆ. ರೈತರ ಸರ್ವೇದಾಗ ಹೊಲ ಎಷ್ಟೈತಿ ಅಂತ ಕೇಳಿದ್ರ ಎರಡೆಕ್ರೆ ಇಪ್ಪತ್ತು ಗುಂಟೆ ಅಂತಾರ, ಬರಕೊಳ್ಳಾಂವಾ 2.20 ಅಂತ ಹಾಕತಾನ, ಸಾಫ್ಟ್‌ವೇರ್ ಅದನ್ನ 2.2 ಎಕ್ರೆ ಅಂತ ತಿಳಕೊಂಡು ಸರಾಸರಿ ತಗದು ಕೊಟ್ಟೂಬಿಡತೈತಿ. ಎಕ್ರೆಕ್ಕ 40 ಗುಂಟೆ, ಅಂದ್ರ ಖರೇ ಲೆಕ್ಕ 2.5. ಇಲ್ಲೆ ರೈತ ಹೇಳಿದ್ದೂ ಸರಿ, ಬರದಾಂವಾ ಬರದಿದ್ದೂ ಅಂವನ ರೂಢಿ ಪ್ರಕಾರ ಸರೀನ, ಹಂಗಿದ್ದಾಗ 2.5 ಮಾಡೋದಕ್ಕ ತಿದ್ದೋದು ಅಂದ್ರ ಹೆಂಗ? ಎರಡೆಕ್ರೆ ಹತ್ತು ಗುಂಟೆಕ್ಕ ಗೆರಿ ಹಾಕಿ 2-10 ಅಂತ ಬರದಿದ್ದ್ರಂತೂ, ನಮ್ಮ ಕಡೆ ತಾರೀಖು ಸೆಟ್ಟಿಂಗ್ ಇದ್ದ ಎಕ್ಸೆಲ್ ಅದನ್ನ ಅಕ್ಟೋಬರ್ 2 ಮಾಡಿ ಕುಂದ್ರಸತೈತಿ, ಗಾಂಧಿ ಜಯಂತಿ ದಿನದ ಹೊಲ. ಅದು ಖರೇನ ತಪ್ಪು, ಅದನ್ನ ತಿದ್ದೋದ ಸೈ.

ಹಳೇ ಡೇಟಾದಾಗ ರಾಣೆಬೆನ್ನೂರು, ರೋಣ ಎಲ್ಲಾ ಧಾರವಾಡ ಜಿಲ್ಲಾದಾಗ ಇರತಾವು, ಯಾಕಂದ್ರ ಗದಗ ಹಾವೇರಿ ಬ್ಯಾರೆ ಆಗಿದ್ದ 1997ರಾಗ. ಇವತ್ತಿನ ನಕಾಶಿಗೆ ಹೊಂದಸಾಕ ಜಿಲ್ಲಾ ಬದಲಿ ಮಾಡಬೇಕಾಗತೈತಿ ಖರೆ, ಆದ್ರ ಹಳೇದು ತಪ್ಪಿತ್ತು ಅಂತಲ್ಲ. ಇದಕ್ಕ ‘ಹೊಂದಸೋದು’ ಅಂತ ಇಟ್ಟೀವಿ, ಎಕ್ರೆ ಗುಂಟೆದಕ್ಕೂ ಅದ. ಯಾರರ ಒಪ್ಪೂದಿಲ್ಲಂದ್ರ ಹೇಳ್ರಿ.

ಕನ್ನಡದಾಗ ಟೈಪ್ ಮಾಡಿದ ಊರ ಹೆಸರಿಂದು ಬ್ಯಾರೇನ ಫಜೀತಿ. ಕೊಣ್ಣೂರು ಅನ್ನೋದರಾಗಿನ ಒತ್ವ ಯುನಿಕೋಡ್‌ನಾಗ (ಕಂಪ್ಯೂಟರ್‌ನಾಗ ಅಕ್ಷರಕ್ಕ ನಂಬರ್ ಕೊಡೋ ಪದ್ಧತಿ) ಒಂದ ಕೋಡ್ ಆಗಿನೂ ಇರತೈತಿ, ಎರಡು ಕೋಡ್ ಕೂಡಿಸಿನೂ ಬರತೈತಿ, ಕಣ್ಣಿಗೆ ಎರಡೂ ಒಂದ ಕಾಣತಾವು, ಆರ್‌ಗೆ ಮಾತ್ರ ಅವು ಎರಡು ಬ್ಯಾರೆ ಊರು. ಹಿಂದ ಮುಂದ ಸ್ಪೇಸ್ ಉಳದಿದ್ರೂ ಅಷ್ಟ, ಟೇಬಲ್‌ನಾಗ ಬ್ಯಾಡಗಿ ಎರಡೆರಡು ಸಲ ಬರತೈತಿ. ಇವಕ್ಕ ‘ಹಸನ’ ಶಬ್ದ ಬರೋಬ್ಬರಿ ಕೂಡತೈತಿ, ಅರ್ಥ ಏನೂ ಬದಲಾಗೂದಿಲ್ಲ, ಬರೇ ಕಸ ಹೋಗತೈತಿ.

ಈಗ ಎರಡನೇ ಶಬ್ದ. ಏನೇನ್ ಬದಲಿ ಮಾಡಿದ್ವಿ ಅನ್ನೋದರ ದಾಖಲಿಗೆ ಏನನ್ನಬೇಕು? ಆರ್‌ನಾಗ ಲಂಬರ್‌ಜ್ಯಾಕ್ ಅಂತ ಪ್ಯಾಕೇಜ್ (ಜೋಡಿಸಿಕೊಳ್ಳೋ ಕೋಡ್ ಗಂಟು) ಐತಿ, ಅದರಾಗಿನ ಸೆಲ್‌ವೈಸ್ ಲಾಗರ್ (ಒಂದೊಂದ ಸೆಲ್‌ನ ಬದಲಾವಣೆ ಬರದಿಡೋ ಸಾಧನ) ಹಚ್ಚಿದ್ರ ಡೇಟಾದ ಯಾವ ಸಾಲು, ಯಾವ ಕಾಲಮ್, ಹಳೇದು ಏನಿತ್ತು, ಹೊಸಾದು ಏನಾತು, ಯಾವ ಸಾಲಿನ ಕೋಡ್‌ನಿಂದ ಆತು ಅಂತ ಎಲ್ಲಾ ಬರದಿಡತೈತಿ. ಯಾಕ ಮಾಡಿದ್ರಿ ಅಂತ ಮಾತ್ರ ಅದಕ್ಕ ಗೊತ್ತಾಗೂದಿಲ್ಲ, ಅದನ್ನ ನಾವ ಕೋಡ್‌ನಾಗ ಟಿಪ್ಪಣಿ ಹಾಕಬೇಕು. ಓಪನ್‌ರಿಫೈನ್ ಮಾಡಿದ್ದೆಲ್ಲಾ ಹಿಸ್ಟರಿಯೊಳಗ ಇಡತೈತಿ, ಬೇಕಂದ್ರ ಆ ಸ್ಟೆಪ್‌ಗಳನ್ನ ಹೊರಗ ತಗದು ಇನ್ನೊಂದು ಫೈಲಿಗೆ ಹಚ್ಚಬಹುದು, ಆದ್ರ ಒಂದೊಂದ ಸೆಲ್ ಕೈಲೆ ತಿದ್ದಿದ್ದು ಆ ಪಟ್ಟಿಯೊಳಗ ಹೊರಗ ಬರೂದಿಲ್ಲ. ನನ್ನ ಕೇಳಿದ್ರ ಕೈಲೆ ತಿದ್ದೋದನ್ನ ಹುಡುಗೂರಿಗೆ ಕಲಸಲೇಬಾರದು, ಅದು ಬ್ಯಾರೆ ಜಗಳ ಬಿಡ್ರಿ.

ಇದಕ್ಕ ‘ಬದಲಾವಣೆ ದಾಖಲೆ’ ಅಂತ ಬರದಿದ್ವಿ. ಆಮ್ಯಾಲೆ ನಮ್ಮೊಳಗ ಒಬ್ಬರು, ಅವರ ಮನ್ಯಾಗ ಗದಗದಾಗ ದಲಾಲಿ ಅಂಗಡಿ ಇತ್ತು, ‘ಕಿರ್ದಿ ಅನ್ರಿ, ಸುಮ್ಮ ಯಾಕ ಹೊಸ ಶಬ್ದ ಹುಡಕ್ತೀರಿ’ ಅಂದ್ರು. ರೋಜುಕಿರ್ದಿಯೊಳಗ ದಿನಾ ಆಗಿದ್ದು ಆದಂಗ ಸಾಲಾಗಿ ಬರೀತಾರ, ಚಿತ್ತು ಕಾಟು ಮಾಡಂಗಿಲ್ಲ, ತಪ್ಪು ಬಿದ್ದಿದ್ರ ಕೆಳಗ ಇನ್ನೊಂದು ನಮೂದು ಹಾಕಿ ಸರಿ ಮಾಡಬೇಕು, ಹಳೇ ಸಾಲು ಹಂಗ ಇರತೈತಿ. ನಮಗ ಬೇಕಾದ ಗುಣ ಎಲ್ಲಾ ಅದರಾಗ ಐತಿ. ‘ಹಸನ ಕಿರ್ದಿ’ ಅಂತ ಮಾಡೋಣ ಅನಸತೈತಿ ನನಗ, ಆದ್ರ ಮೈಸೂರು ಮಂಗಳೂರು ಕಡೆ ಮಂದಿಗೆ ಕಿರ್ದಿ ಅಂದ್ರ ತಿಳೀತೈತೇನು? ಅಲ್ಲೆ ರೂಢಿಯೊಳಗ ಐತೋ, ಬರೇ ಡಿಕ್ಷನರಿಯೊಳಗ ಉಳದೈತೋ, ಆ ಕಡೇವರ ಹೇಳಬೇಕು.

ತಪ್ಪು ಸರಿ ಮಾಡೋದಕ್ಕ ‘ದುರಸ್ತಿ’ ಅಂತ ಇಡೂ ವಿಚಾರನೂ ಐತಿ. ಹೊಲದ ಉತಾರದಾಗ (ಪಹಣಿ) ಹೆಸರು ತಪ್ಪಿದ್ರ ದುರಸ್ತಿ ಮಾಡಸ್ತೀವಿ, ಅಲ್ಲೆ ಅರ್ಜಿ ಇರತೈತಿ, ಆದೇಶ ಇರತೈತಿ, ಯಾರ ಸಹಿ ಅಂತ ಇರತೈತಿ, ಅಂದ್ರ ಗುರುತು ಬಿಟ್ಟು ತಿದ್ದೋದು. ಮಾರ್ಕ್ಸ್ ಕಾರ್ಡ್ ದುರಸ್ತಿ ಅಂದ್ರ ಯಾರಿಗೂ ಸಂಶಯ ಬರೂದಿಲ್ಲ ನೋಡ್ರಿ. ಒಬ್ಬರು ಮಾತ್ರ, ದುರಸ್ತಿ ಅಂದ್ರ ಪಂಪ್‌ಸೆಟ್ ರಿಪೇರಿ ಆಗಲಿಲ್ಲೇನು ಅಂತ ನಕ್ಕರು.

ಇನ್ನೊಂದು ಕೇಳೋದಿತ್ತು. ಉತ್ತರ ಸಿಗದ ಜಾಗಾಕ್ಕ ಕೆಲವು ಸರ್ವೇದಾಗ 99 ಬರೀತಾರ, ಅದನ್ನ ತಗದು ಖಾಲಿ ಮಾಡೂದು ಒಂದು, ಆ ಖಾಲಿ ಜಾಗಾಕ್ಕ ಉಳದವರ ಉತ್ತರ ನೋಡಿ ಅಂದಾಜಿಲೆ ಅಂಕಿ ಹಾಕೂದು ಇನ್ನೊಂದು. ಎರಡನೇದಕ್ಕ ನಾವು ‘ಅಂದಾಜು ಭರ್ತಿ’ ಅಂತ ಬರದೀವಿ. ‘ಭರ್ತಿ’ ಅಷ್ಟ ಅಂದ್ರ ಸಾಲೂದಿಲ್ಲ, ಖರೇ ಉತ್ತರ ಸಿಕ್ಕು ತುಂಬಿದ್ದೋ ನಾವ ಲೆಕ್ಕ ಹಾಕಿ ತುಂಬಿದ್ದೋ ಗೊತ್ತಾಗಬೇಕು. ಇದಕ್ಕಿಂತ ಸಣ್ಣ ಶಬ್ದ, ಒಂದ ಶಬ್ದದ್ದು, ಯಾರ ಕಡೆರ ಐತೇನ್ರಿ? ಕಾಲಮ್ ಹೆಸರಾಗಿ ಹಾಕಾಕ ಬೇಕು.