ಮೋಸೆಲ್ ರೀಸ್ಲಿಂಗ್: ಒಂದೇ ತೋಟ, ಒಂದೇ ವರ್ಷ, ರುಚಿ ಮಾತ್ರ ಬೇರೆ ಏಕೆ?

ಪ್ರಶ್ನೆ (ಹೊಸ ಸದಸ್ಯ)

ಎಲ್ಲರಿಗೂ ನಮಸ್ಕಾರ.

ಜರ್ಮನಿಯ ಮೋಸೆಲ್ ಕಣಿವೆಯ ರೀಸ್ಲಿಂಗ್ (ಒಂದು ಬಿಳಿ ದ್ರಾಕ್ಷಿ ತಳಿ) ವೈನ್‌ಗಳನ್ನು ಕ್ರಮವಾಗಿ ಸವಿದು ಅರಿಯಬೇಕೆಂದು ಹೊರಟಿದ್ದೇನೆ. ಇಲ್ಲಿಯವರೆಗೆ ನನಗೆ ಪರಿಚಯವಿದ್ದದ್ದು ಹೆಚ್ಚಾಗಿ ಬಿಸಿಲು ನಾಡುಗಳ ವೈನ್‌ಗಳು. ಅವುಗಳಲ್ಲಿ ಹಣ್ಣಿನ ಗಾಢತೆ, ಮದ್ಯಸಾರದ ಕಾವು, ಓಕ್ ಮರದ ವಾಸನೆ ಇವಿಷ್ಟನ್ನು ಗುರುತಿಸಿದರೆ ಅರ್ಧ ಕೆಲಸ ಮುಗಿಯುತ್ತಿತ್ತು. ಮೋಸೆಲ್ ವಿಷಯದಲ್ಲಿ ಆ ಯಾವ ಲೆಕ್ಕವೂ ಕೈಹಿಡಿಯುತ್ತಿಲ್ಲ.

ಒಬ್ಬರೇ ಉತ್ಪಾದಕರ, ವೇಲೆನರ್ ಸೊನ್ನೆನೂರ್ ಎಂಬ ಒಂದೇ ತೋಟದ, ಒಂದೇ ವರ್ಷದ ಎರಡು ಬಾಟಲಿಗಳು ನನ್ನ ಬಳಿ ಇವೆ. ಎರಡರ ಮೇಲೂ ಸ್ಪೇಟ್‌ಲೇಸೆ ಎಂದಿದೆ. ಒಂದರಲ್ಲಿ ಮದ್ಯಸಾರ ಶೇ 8 ಇದ್ದು, ರುಚಿ ಸ್ಪಷ್ಟವಾಗಿ ಸಿಹಿ. ಇನ್ನೊಂದರಲ್ಲಿ ಶೇ 12 ಇದ್ದು, ಸ್ಪೇಟ್‌ಲೇಸೆ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಟ್ರೋಕನ್ ಎಂದೂ ಇದೆ. ಕುಡಿದರೆ ಹಲ್ಲು ಜುಮ್ಮೆನ್ನುವಷ್ಟು ಹುಳಿ. ಸ್ಪೇಟ್‌ಲೇಸೆ ಎಂಬುದು ಸಿಹಿಯ ದರ್ಜೆಯಾಗಿದ್ದರೆ ಇದು ಹೇಗೆ ಸಾಧ್ಯ? ಇನ್ನೊಂದು ಹಳೆಯ ಬಾಟಲಿಯಲ್ಲಿ ಸೀಮೆಎಣ್ಣೆಯನ್ನು ನೆನಪಿಸುವ ವಾಸನೆಯಿದೆ, ತಳದಲ್ಲಿ ಹರಳಿನಂಥ ಚೂರುಗಳೂ ಇವೆ. ಅದು ಕೆಟ್ಟಿದೆಯೇ? ಕೊನೆಯದಾಗಿ, ಮೋಸೆಲ್ ತೋಟಗಳ ನೆಲದಲ್ಲಿರುವ, ಎಲ್ಲರೂ ಬರೆಯುವ ಆ ಸ್ಲೇಟ್ ಕಲ್ಲಿನ ರುಚಿಯನ್ನು ಗುರುತಿಸುವ ಬಗೆ ಯಾವುದು? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1

ನಮಸ್ಕಾರ. ಸ್ಪೇಟ್‌ಲೇಸೆ ಸಿಹಿಯ ದರ್ಜೆಯಲ್ಲ. ಕಾಬಿನೆಟ್, ಸ್ಪೇಟ್‌ಲೇಸೆ, ಆವುಸ್‌ಲೇಸೆ ಮುಂತಾದ ದರ್ಜೆಗಳು ದ್ರಾಕ್ಷಿಯನ್ನು ಕೊಯ್ದಾಗ ಅದರ ರಸದಲ್ಲಿ ಎಷ್ಟು ಸಕ್ಕರೆಯಿತ್ತು ಎಂಬುದನ್ನು ಹೇಳುತ್ತವೆಯೇ ಹೊರತು, ಬಾಟಲಿಗೆ ತುಂಬುವಾಗ ಎಷ್ಟು ಉಳಿದಿತ್ತು ಎಂಬುದನ್ನಲ್ಲ. ಮೋಸೆಲ್ ಕಣಿವೆ ಇರುವುದು ಹೆಚ್ಚುಕಡಿಮೆ 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಹಿಂದೆ ದ್ರಾಕ್ಷಿ ಪ್ರತಿ ವರ್ಷವೂ ಚೆನ್ನಾಗಿ ಹಣ್ಣಾಗುತ್ತದೆ ಎಂಬ ಭರವಸೆಯೇ ಇರಲಿಲ್ಲವಾದ್ದರಿಂದ, ಹಣ್ಣಾಗುವುದೇ ಒಂದು ಹೆಗ್ಗಳಿಕೆಯಾಗಿತ್ತು. 1971ರ ಜರ್ಮನ್ ವೈನ್ ಕಾನೂನು ಗುಣಮಟ್ಟದ ಏಣಿಯನ್ನು ಅದರ ಮೇಲೆಯೇ ಕಟ್ಟಿತು.

ಇದನ್ನು ಅಳೆಯುವ ಮಾನಕ್ಕೆ ಎಕ್ಸ್‌ಲೆ ಎಂದು ಹೆಸರು. ಒಂದು ಲೀಟರ್ ರಸವು ಒಂದು ಲೀಟರ್ ನೀರಿಗಿಂತ ಎಷ್ಟು ಗ್ರಾಂ ಹೆಚ್ಚು ತೂಗುತ್ತದೆಯೋ ಅಷ್ಟು ಎಕ್ಸ್‌ಲೆ. ಪ್ರದೇಶ ಮತ್ತು ತಳಿಗೆ ತಕ್ಕಂತೆ ಕಾಬಿನೆಟ್‌ನ ಕನಿಷ್ಠ ಮಿತಿ 67ರಿಂದ 82ರವರೆಗೆ, ಸ್ಪೇಟ್‌ಲೇಸೆಯದು 76ರಿಂದ 90ರವರೆಗೆ ಇರುತ್ತದೆ. ತಂಪು ಪ್ರದೇಶಗಳಿಗೆ ಕೆಳಗಿನ ಮಿತಿ, ಬೆಚ್ಚಗಿನ ಪ್ರದೇಶಗಳಿಗೆ ಮೇಲಿನದು ಎಂಬುದು ಸ್ಥೂಲ ನಿಯಮ.

ಈಗ ನಿಮ್ಮ ಎರಡು ಬಾಟಲಿಗಳ ಲೆಕ್ಕ ನೋಡೋಣ. ಪ್ರತಿ ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ 1ರಷ್ಟು ಮದ್ಯಸಾರ ಬರುತ್ತದೆ. 90 ಎಕ್ಸ್‌ಲೆಯ ರಸ ಪೂರ್ತಿ ಹುದುಗಿದರೆ ಸುಮಾರು ಶೇ 12 ಸಿಗುತ್ತದೆ, ಅದು ನಿಮ್ಮ ಟ್ರೋಕನ್, ಅಂದರೆ ಸಿಹಿ ಉಳಿಯದ (ಡ್ರೈ) ವೈನ್. ಅಂಥದೇ ರಸದ ಹುದುಗುವಿಕೆಯನ್ನು ಶೇ 8ಕ್ಕೆ ನಿಲ್ಲಿಸಿದರೆ ಉಳಿದ ನಾಲ್ಕು ಅಂಶದ ಸಕ್ಕರೆ, ಅಂದರೆ ಲೀಟರಿಗೆ ಹೆಚ್ಚುಕಡಿಮೆ 68 ಗ್ರಾಂ, ವೈನಿನಲ್ಲಿಯೇ ಉಳಿಯುತ್ತದೆ. ಆದ್ದರಿಂದ ಅಂಗಡಿಯಲ್ಲಿ ನಿಂತಾಗ ದರ್ಜೆಯ ಹೆಸರಿಗಿಂತ ಮೊದಲು ಮದ್ಯಸಾರದ ಅಂಕಿಯನ್ನು ನೋಡುವುದು ಜಾಣತನ. ಇಷ್ಟು ಸಣ್ಣ ಅಕ್ಷರಗಳಲ್ಲಿ ಇಷ್ಟು ದೊಡ್ಡ ವ್ಯತ್ಯಾಸವನ್ನು ಅಡಗಿಸುವ ಪದ್ಧತಿಯನ್ನು ನಾನಂತೂ ಎಂದೂ ಮೆಚ್ಚಿದವನಲ್ಲ.

ಟ್ರೋಕನ್ ಎನ್ನಲು ಸಕ್ಕರೆ ಲೀಟರಿಗೆ 4 ಗ್ರಾಂ ಮೀರಬಾರದು. ಆಮ್ಲಕ್ಕಿಂತ 2 ಗ್ರಾಂ ಒಳಗೆ ಮಾತ್ರ ಹೆಚ್ಚಿದ್ದರೆ 9 ಗ್ರಾಂವರೆಗೂ ಅವಕಾಶವಿದೆ. ಕಾನೂನು ಸಕ್ಕರೆಯನ್ನು ಬಿಡಿಯಾಗಿ ಅಳೆಯದೆ ಆಮ್ಲದ ಪಕ್ಕದಲ್ಲಿಟ್ಟು ಅಳೆಯುತ್ತದೆ ಎಂಬುದನ್ನು ಗಮನಿಸಿ. ಹಾಲ್ಬ್‌ಟ್ರೋಕನ್ (ಅರೆ ಟ್ರೋಕನ್) ಎಂಬುದಕ್ಕೂ ಇಂಥದೇ ಮಿತಿ ಇದ್ದು, 18 ಗ್ರಾಂವರೆಗೆ ಹೋಗಬಹುದು. ತುಸು ಸಿಹಿಯ ವೈನಿಗೆ ಬಳಸುವ ಫೈನ್‌ಹೆರ್ಬ್ ಎಂಬ ಪದವಿದ್ದರೆ ಅದಕ್ಕೆ ನಿಗದಿತ ಮಿತಿಯಿಲ್ಲ, ಉತ್ಪಾದಕರ ಮಾತನ್ನೇ ನಂಬಬೇಕು.

ಉತ್ತರ 2

ಮೇಲಿನ ವಿವರಣೆ ಸರಿಯಾಗಿದೆ. ಸವಿಯುವ ಕ್ರಮದ ಬಗ್ಗೆ ನಾನು ಸ್ವಲ್ಪ ಬರೆಯುತ್ತೇನೆ, ಏಕೆಂದರೆ ನೀವು ಸಿಹಿ ಬಾಟಲಿಯನ್ನು ಮೊದಲು ತೆರೆದಿರಬಹುದೆಂಬ ಗುಮಾನಿ ನನಗಿದೆ. ಸಿಹಿ ಸ್ಪೇಟ್‌ಲೇಸೆ ಕುಡಿದ ನಾಲಿಗೆಗೆ ಟ್ರೋಕನ್ ಕೊಟ್ಟರೆ ಹುಳಿಯೊಂದೇ ಎದ್ದು ನಿಲ್ಲುತ್ತದೆ. ಮೊದಲು ಟ್ರೋಕನ್, ಆಮೇಲೆ ಕಾಬಿನೆಟ್, ಅದಾದ ಮೇಲೆ ಸಿಹಿ ಸ್ಪೇಟ್‌ಲೇಸೆ, ಆವುಸ್‌ಲೇಸೆ ಇದ್ದರೆ ಕೊನೆಗೆ. ಈ ಕ್ರಮವನ್ನು ತಪ್ಪಿಸಬೇಡಿ.

ಬಿಸಿಲು ನಾಡಿನ ವೈನಿನಲ್ಲಿ ಮದ್ಯಸಾರ ಮಾಡುವ ಕೆಲಸವನ್ನು ಇಲ್ಲಿ ಆಮ್ಲ ಮಾಡುತ್ತದೆ. ದ್ರಾಕ್ಷಿ ಹಣ್ಣಾಗುವಾಗ ಅದರೊಳಗಿನ ಮ್ಯಾಲಿಕ್ ಆಮ್ಲ ಉಸಿರಾಟದಲ್ಲಿ ಖರ್ಚಾಗುತ್ತಾ ಹೋಗುತ್ತದೆ, ಕಾವು ಹೆಚ್ಚಿದಷ್ಟೂ ಬೇಗ. ಮೋಸೆಲ್‌ನ ತಣ್ಣನೆಯ ರಾತ್ರಿಗಳಲ್ಲಿ ಆ ಖರ್ಚು ನಿಧಾನವಾಗುವುದರಿಂದ, ಅಕ್ಟೋಬರ್‌ವರೆಗೆ ಬಳ್ಳಿಯಲ್ಲೇ ಉಳಿದು ಸುವಾಸನೆ ತುಂಬಿಕೊಂಡ ಹಣ್ಣಿನಲ್ಲಿಯೂ ಹುಳಿ ಸಾಕಷ್ಟು ಉಳಿದಿರುತ್ತದೆ. ಹಾಗೆಂದ ಮಾತ್ರಕ್ಕೆ ಅಲ್ಲಿ ಬಿಸಿಲು ಬೇಡವೆಂದಲ್ಲ. ಬೆಚ್ಚಗಿನ ದಿಕ್ಕಿಗೆ ಮುಖ ಮಾಡಿದ ಕಡಿದಾದ ಇಳಿಜಾರುಗಳನ್ನೇ ಆರಿಸಿ ಬಳ್ಳಿ ನೆಟ್ಟದ್ದು, ಓರೆಯಾಗಿ ಬೀಳುವ ಬಿಸಿಲು ನೆಲಕ್ಕೆ ನೇರವಾಗಿ ತಾಗಲಿ ಎಂಬ ಕಾರಣಕ್ಕೆ. ಬ್ರೆಮ್ ಊರಿನ ಕಾಲ್‌ಮೊಂಟ್ ಇಳಿಜಾರು ಕೆಲವು ಕಡೆ 60 ಡಿಗ್ರಿಯನ್ನೂ ಮೀರುತ್ತದೆ. ಅಂಥಲ್ಲಿ ಬಹುಪಾಲು ಕೆಲಸ ಕೈಯಿಂದಲೇ ಆಗಬೇಕು.

ಗ್ಲಾಸಿನಲ್ಲಿ ಇದನ್ನು ಗುರುತಿಸುವುದು ಹೀಗೆ. ವೈನ್ 8ರಿಂದ 10 ಡಿಗ್ರಿ ಸೆಲ್ಸಿಯಸ್ ಇರಲಿ, ಟ್ರೋಕನ್ ಆದರೆ ತುಸು ಹೆಚ್ಚಿರಲಿ. ಒಂದು ಗುಟುಕನ್ನು ಬಾಯಿತುಂಬ ಹರಡಿ ನುಂಗಿ, ತುಟಿ ಮುಚ್ಚಿ ಸುಮ್ಮನೆ ಕಾಯಿರಿ. ದವಡೆಯ ಎರಡೂ ಬದಿಯಲ್ಲಿ ನೀರೂರುವುದು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದೇ ಆಮ್ಲದ ಅಳತೆ. ನುಂಗುವ ಮೊದಲು ಸಿಹಿ ಮುಂದಿದ್ದು, ನುಂಗಿದ ಮೇಲೆ ಅದು ಹಿಂದೆ ಸರಿದು ಬಾಯಿ ಶುಭ್ರವಾದರೆ ಆ ವೈನಿನ ಸಮತೋಲ ಚೆನ್ನಾಗಿದೆ ಎಂದು ತಿಳಿಯಿರಿ. ಸಿಹಿ ತುಟಿಗೆ ಅಂಟಿಕೊಂಡು ಉಳಿದರೆ ಸಕ್ಕರೆಯನ್ನು ಹೊರುವಷ್ಟು ಆಮ್ಲ ಅದರಲ್ಲಿಲ್ಲ. ಒಳ್ಳೆಯ ಕಾಬಿನೆಟ್ ಒಂದರಲ್ಲಿ ಲೀಟರಿಗೆ 40 ಗ್ರಾಂ ಸಕ್ಕರೆ ಇದ್ದರೂ ಮುಗಿಯುವಾಗ ಅದು ಸಿಹಿ ಎನಿಸದೇ ಇರುವುದು ಇದರಿಂದಲೇ. ನನ್ನ ಮಟ್ಟಿಗೆ ಮೋಸೆಲ್ ಅರ್ಥವಾಗುವುದು ಕಾಬಿನೆಟ್‌ನಲ್ಲಿ, ದುಬಾರಿ ಆವುಸ್‌ಲೇಸೆಯಲ್ಲಲ್ಲ.

ಸ್ಲೇಟ್ ವಿಷಯಕ್ಕೆ ಬಂದರೆ, ಯುರ್ತ್ಸಿಗ್ ಊರಿನ ವ್ಯುರ್ತ್ಸ್‌ಗಾರ್ಟನ್ ತೋಟದ ಸ್ಲೇಟ್ ನೆಲ ಕೆಂಪು, ನಿಮ್ಮ ಬಾಟಲಿಗಳ ಊರಾದ ವೇಲೆನ್‌ನದು ನೀಲಿ ಬೂದು. ಎರಡನ್ನೂ ಪಕ್ಕದಲ್ಲಿಟ್ಟು ಸವಿದರೆ ಕಲ್ಲಿನ ವ್ಯತ್ಯಾಸ ನಾಲಿಗೆಗೆ ತಾನಾಗಿಯೇ ತಿಳಿಯುತ್ತದೆ.

ಉತ್ತರ 3

ಹಿಂದಿನವರು ಹೇಳಿದ ಕೊನೆಯ ಮಾತನ್ನು ಮಾತ್ರ ನಾನು ಒಪ್ಪಲಾರೆ. ವ್ಯತ್ಯಾಸ ಇರುತ್ತದೆ, ಸಂದೇಹವಿಲ್ಲ; ಆದರೆ ಅದು ಕಲ್ಲಿನ ರುಚಿಯಲ್ಲ. ಬೇರು ಹೀರುವುದು ನೀರಿನಲ್ಲಿ ಕರಗಿದ ಪೊಟ್ಯಾಸಿಯಂ, ಕ್ಯಾಲ್ಸಿಯಂನಂಥ ಪೋಷಕಾಂಶಗಳನ್ನು. ವೈನಿನಲ್ಲಿ ಉಳಿಯುವ ಅವುಗಳ ಪ್ರಮಾಣ ಬಂಡೆಯ ರುಚಿ ಕೊಡುವಂಥದ್ದಲ್ಲ, ಸ್ಲೇಟ್‌ಗೆ ತನ್ನದೇ ವಾಸನೆಯೂ ಇಲ್ಲವೆನ್ನುವಷ್ಟು ಕಡಿಮೆ. ಸ್ಲೇಟ್ ಮಾಡುವ ಕೆಲಸ ಬೇರೆ: ಹಗಲಿನ ಕಾವನ್ನು ಹಿಡಿದಿಟ್ಟು ಸಂಜೆ ಬಿಟ್ಟುಕೊಡುತ್ತದೆ, ಮಳೆನೀರನ್ನು ಬೇಗ ಬಸಿಯುತ್ತದೆ, ಸೀಳುಗಳಲ್ಲಿ ಬೇರು ಆಳಕ್ಕಿಳಿಯಲು ದಾರಿ ಕೊಡುತ್ತದೆ. ಹಣ್ಣಾಗುವ ವೇಗವೂ ಬಳ್ಳಿಗೆ ದಕ್ಕುವ ನೀರೂ ಬದಲಾದರೆ ರುಚಿ ಬದಲಾಗುತ್ತದೆ. ನಾವು ಕಲ್ಲು ಎಂದು ಕರೆಯುವ ಆ ಅನುಭವದಲ್ಲಿ ಹೆಚ್ಚಿನ ಆಮ್ಲದ ಪಾಲು ದೊಡ್ಡದು, ಗಂಧಕದ ಸಂಯುಕ್ತಗಳ ಪಾಲೂ ಇದೆ.

ಆ ಗಂಧಕವನ್ನು ನೀವೇ ಪರೀಕ್ಷಿಸಬಹುದು. ಮೋಸೆಲ್‌ನಲ್ಲಿ ಹಲವರು ಯೀಸ್ಟ್ ಬೆರೆಸದೆ, ತಾನಾಗಿ ಹುದುಗಲು ಬಿಡುತ್ತಾರೆ. ಅಂಥ ಎಳೆಯ ವೈನ್ ಬಿರಡೆ ತೆಗೆದ ಕೂಡಲೇ ಆಗಷ್ಟೇ ಗೀರಿದ ಬೆಂಕಿಕಡ್ಡಿಯ ಘಾಟು ಬೀರುತ್ತದೆ. ಗ್ಲಾಸನ್ನು ಚೆನ್ನಾಗಿ ಕದಡಿ ಅರ್ಧ ಗಂಟೆ ಬಿಟ್ಟು ಮೂಸಿದರೆ ಘಾಟು ತಗ್ಗಿ ಸೇಬು, ಪೀಚ್, ನಿಂಬೆ ಸಿಪ್ಪೆಯ ಪರಿಮಳ ಮೇಲೆ ಬರುತ್ತದೆ. ಮೊದಲ ಐದು ನಿಮಿಷದಲ್ಲಿ ತೀರ್ಪು ಕೊಡುವವರು ಇದನ್ನು ಕಳೆದುಕೊಳ್ಳುತ್ತಾರೆ.

ನಿಮ್ಮ ಹಳೆಯ ಬಾಟಲಿ ಕೆಟ್ಟಿಲ್ಲ. ಸೀಮೆಎಣ್ಣೆಯ ವಾಸನೆಗೆ ಕಾರಣ ಟಿಡಿಎನ್ ಎಂಬ ಸಂಯುಕ್ತ. ದ್ರಾಕ್ಷಿಯ ಕ್ಯಾರೊಟಿನಾಯ್ಡ್‌ಗಳು ಒಡೆದು ಅದರ ಮೂಲವಸ್ತು ಹುಟ್ಟುತ್ತದೆ. ಗೊಂಚಲಿಗೆ ಬಿಸಿಲು ಹೆಚ್ಚು ಬಿದ್ದಷ್ಟೂ ಅದು ಹೆಚ್ಚು, ಬಾಟಲಿಯಲ್ಲಿ ವರ್ಷ ಕಳೆದಂತೆ ವಾಸನೆ ಸ್ಪಷ್ಟವಾಗುತ್ತದೆ. ರೀಸ್ಲಿಂಗ್ ತಳಿಯಲ್ಲಿ ಇದು ಸಹಜ. ಜೇನು, ಒಣಹಣ್ಣಿನ ಪರಿಮಳದ ಜೊತೆ ಅದು ಬೆರೆತಿದ್ದರೆ ಹಿತ, ಎಳೆಯ ವೈನಿನಲ್ಲಿ ಅದೊಂದೇ ಮೂಗಿಗೆ ಬಡಿದರೆ ಅಷ್ಟು ಹಿತವಲ್ಲ. ತಳದ ಹರಳುಗಳು ಟಾರ್ಟಾರಿಕ್ ಆಮ್ಲದ ಲವಣ. ತಂಪಿನಲ್ಲಿ ಇಟ್ಟಾಗ ಅವು ತಳಕ್ಕಿಳಿಯುತ್ತವೆ. ನಿರಪಾಯಕಾರಿ, ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ ನಿಧಾನವಾಗಿ ಬಗ್ಗಿಸಿದರೆ ಸಾಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಗುಮಾನಿ ನಿಜ, ಸಿಹಿ ಬಾಟಲಿಯನ್ನೇ ಮೊದಲು ತೆರೆದಿದ್ದೆ. ಹೇಳಿದ ಕ್ರಮದಲ್ಲಿ ಮತ್ತೆ ಸವಿದಾಗ ಟ್ರೋಕನ್‌ನ ಹುಳಿಯ ಹಿಂದೆ ಹಸಿರು ಸೇಬಿನ ಘಮ ದೊರೆಯಿತು. ಇನ್ನೊಂದೇ ಸಂಶಯ: ಮುಂದೆ ಕಾಬಿನೆಟ್ ಕೊಳ್ಳುವಾಗ ವರ್ಷವನ್ನು ನೋಡಬೇಕೇ? ಬೇಸಿಗೆಗಳು ಬಿಸಿಯಾಗುತ್ತಿರುವಾಗ ಈ ಪ್ರದೇಶವನ್ನು ಈಗಲೂ ತಂಪಿನದೆಂದು ಕರೆಯಬಹುದೇ?

ಉತ್ತರ 1 ಬರೆದವರು

ವರ್ಷವನ್ನು ಖಂಡಿತ ನೋಡಬೇಕು. 2003 ಮತ್ತು 2018 ಬಿಸಿಯ ವರ್ಷಗಳು. ಅವುಗಳ ವೈನ್ ಮೃದು, ಹಣ್ಣು ಮುಂದೆ, ಆಮ್ಲ ಹಿಂದೆ. 2010 ಮತ್ತು 2021 ತಣ್ಣನೆಯವು. 2010ರಲ್ಲಿ ಹುಳಿ ಎಷ್ಟಿತ್ತೆಂದರೆ ಅನೇಕರು ಆಮ್ಲವನ್ನು ತಗ್ಗಿಸಿಯೇ ವೈನ್ ಮಾಡಬೇಕಾಯಿತು. ಬಿಸಿಯ ವರ್ಷಗಳಲ್ಲಿ ಕಾಬಿನೆಟ್ ಮಾಡುವುದೇ ಕಷ್ಟ, ಏಕೆಂದರೆ ಹಣ್ಣಿನ ಸಕ್ಕರೆ ಸ್ಪೇಟ್‌ಲೇಸೆಯ ಮಿತಿಯನ್ನು ಸುಲಭವಾಗಿ ದಾಟಿಬಿಡುತ್ತದೆ. ಕಾನೂನು ಹೇಳುವುದು ಕನಿಷ್ಠ ಮಿತಿಯನ್ನು ಮಾತ್ರ, ಗರಿಷ್ಠವನ್ನಲ್ಲ. ಹೀಗಾಗಿ ಇಂದು ಕಾಬಿನೆಟ್ ಎಂದು ಮಾರುವ ಎಷ್ಟೋ ವೈನ್‌ಗಳು ಹಳೆಯ ಲೆಕ್ಕದಲ್ಲಿ ಸ್ಪೇಟ್‌ಲೇಸೆಗಳೇ. ಹಗುರವಾದದ್ದು ಬೇಕಿದ್ದರೆ 2021ರದನ್ನು ಹುಡುಕಿ, ಇಲ್ಲವೇ ಮೋಸೆಲ್‌ಗೆ ಸೇರುವ ಸಾರ್ ನದಿಯ ಬದಿಗೆ ಹೋಗಿ. ಮುಖ್ಯ ಕಣಿವೆಗಿಂತ ಗಾಳಿ ಹೆಚ್ಚು, ತಂಪು ಹೆಚ್ಚು ಇರುವ ಆ ಕಡೆ ಈಗಲೂ ಹುಳಿಗೆ ಕೊರತೆಯಿಲ್ಲ. 2007ಕ್ಕಿಂತ ಹಳೆಯ ಬಾಟಲಿಗಳ ಮೇಲೆ ಮೋಸೆಲ್-ಸಾರ್-ರೂವರ್ ಎಂಬ ಉದ್ದನೆಯ ಹೆಸರಿರುತ್ತದೆ, ಅದನ್ನು ಬೇರೆ ಪ್ರದೇಶವೆಂದು ತಿಳಿಯಬೇಡಿ.